ದೇಹಕ್ಕೆ ಶಿಕ್ಷೆ, ದೇಹಕ್ಕೆ ಸಾಂತ್ವನ

ಅದು 1960ರ ದಶಕ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕ್ರಂಪ್ಸಾಲ್ ಆಸ್ಪತ್ರೆಯಲ್ಲಿ ಕುಳಿತ ಯುವಕನ ಮೈಗೆ ವಿದ್ಯುತ್ ತಂತಿ ಜೋಡಿಸಲಾಗಿದೆ. ಎದುರಿನ ಪರದೆಯ ಮೇಲೆ ಪುರುಷನೊಬ್ಬನ ಚಿತ್ರ ಮೂಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಗುಂಡಿಯೊತ್ತಿ ಅದನ್ನು ತೊಲಗಿಸದಿದ್ದರೆ ವಿದ್ಯುತ್ ಆಘಾತ. ತೊಲಗಿಸಿದರೆ ಮಹಿಳೆಯ ಚಿತ್ರ ಮತ್ತು ನೋವಿನಿಂದ ಬಿಡುಗಡೆ. ಇದನ್ನು ವೈದ್ಯರು ಚಿಕಿತ್ಸೆ ಎಂದು ಕರೆದರು. ಸಲಿಂಗ ಪ್ರೀತಿಯನ್ನು ‘ಗುಣಪಡಿಸಲು’ 43 ಮಂದಿಯ ಮೇಲೆ ನಡೆಸಿದ ಈ ಪ್ರಯೋಗದ ವರದಿ 1967ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಇಂದು ಅಮೆರಿಕ ಮೊದಲಾದ ದೇಶಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತ ಹದಿಹರೆಯದವರಿಗೂ ಯುವಜನರಿಗೂ ನೀಡುವ ‘ಸೊಮ್ಯಾಟಿಕ್ ಥೆರಪಿ’ ಕೂಡ ದೇಹದ ಮೂಲಕವೇ ಮನಸ್ಸನ್ನು ತಲುಪಲು ಯತ್ನಿಸುತ್ತದೆ. ಗ್ರೀಕ್ ಭಾಷೆಯಲ್ಲಿ ‘ಸೋಮ’ ಎಂದರೆ ದೇಹ. ಆದರೆ ಇಲ್ಲಿ ತಂತಿಯಿಲ್ಲ, ಆಘಾತವಿಲ್ಲ. ಯಾರನ್ನೂ ಬದಲಿಸುವ ಉದ್ದೇಶವೂ ಇಲ್ಲ. ಈ ನಡುವೆ ಬದಲಾದದ್ದೇನು?

ಮೊದಲು ಬದಲಾದದ್ದು ರೋಗದ ಪಟ್ಟಿ. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಪ್ರಕಟಿಸಿದ ಮಾನಸಿಕ ರೋಗಗಳ ಕೈಪಿಡಿಯಲ್ಲಿ ಸಲಿಂಗ ಪ್ರೀತಿಗೆ ಸ್ಥಾನವಿತ್ತು. ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದವರು ಮನಶ್ಶಾಸ್ತ್ರಜ್ಞೆ ಎವೆಲಿನ್ ಹುಕರ್. 30 ಸಲಿಂಗಿ ಪುರುಷರಿಗೂ 30 ಇತರ ಪುರುಷರಿಗೂ ಒಂದೇ ಬಗೆಯ ಮನೋಪರೀಕ್ಷೆ ನಡೆಸಿ, ಹೆಸರು ಮರೆಮಾಚಿದ ಫಲಿತಾಂಶಗಳನ್ನು ಅವರು ತಜ್ಞರ ಮುಂದಿಟ್ಟರು. ಯಾರು ಯಾವ ಗುಂಪಿನವರೆಂದು ತಜ್ಞರು ಹೇಳಲಾರದೆ ಹೋದರು. 1957ರಲ್ಲಿ ಪ್ರಕಟವಾದ ಈ ಅಧ್ಯಯನ ಹಳೆಯ ನಂಬಿಕೆಯ ಬುಡವನ್ನೇ ಅಲುಗಿಸಿತು.

ಆದರೂ ಭಯ ಹೋಗಲಿಲ್ಲ. 1972ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಮನೋವೈದ್ಯರ ಸಮ್ಮೇಳನದಲ್ಲಿ ‘ಡಾ. ಹೆನ್ರಿ ಅನಾನಿಮಸ್’ ಎಂಬ ಹೆಸರಿನ ವ್ಯಕ್ತಿ ವೇದಿಕೆಯೇರಿದರು. ಮುಖಕ್ಕೆ ರಬ್ಬರ್ ಮುಖವಾಡ, ತಲೆಗೆ ಟೋಪನ್, ದೊಗಳೆ ಸೂಟು, ಧ್ವನಿ ಬದಲಿಸುವ ಮೈಕು. ತಾನು ಸಲಿಂಗಿ, ತಾನು ಮನೋವೈದ್ಯನೂ ಹೌದು ಎಂದು ಅವರು ಸಭೆಗೆ ತಿಳಿಸಿದರು. ಅವರ ನಿಜವಾದ ಹೆಸರು ಜಾನ್ ಫ್ರೈಯರ್. ಸತ್ಯ ಹೇಳಲು ತನ್ನ ದೇಹವನ್ನೇ ಅಡಗಿಸಬೇಕಾದ ಆ ವೈದ್ಯನ ಸ್ಥಿತಿ ಸಭೆಯ ಮನಕಲಕಿತು. ಮರುವರ್ಷ, 1973ರ ಡಿಸೆಂಬರ್‌ನಲ್ಲಿ, ಸಂಘ ಸಲಿಂಗ ಪ್ರೀತಿಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಇದೇ ತೀರ್ಮಾನಕ್ಕೆ ಬಂದದ್ದು 1990ರ ಮೇ 17ರಂದು.

ರೋಗವಲ್ಲ ಎಂದಮೇಲೆ ಚಿಕಿತ್ಸೆ ಏಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮೇಲಿಯನ್ 1982ರಲ್ಲಿ ಮಂಡಿಸಿದ ‘ದೃಢೀಕರಿಸುವ ಚಿಕಿತ್ಸೆ’ಯ ಕಲ್ಪನೆ ಇದಕ್ಕೆ ಉತ್ತರ ಕೊಟ್ಟಿತು. ವ್ಯಕ್ತಿಯ ಒಲವು ಸಮಸ್ಯೆಯಲ್ಲ. ಅದರ ಬಗೆಗಿನ ತಿರಸ್ಕಾರವನ್ನು ಆತ ತನ್ನೊಳಗೇ ಇಳಿಸಿಕೊಂಡಿರುವುದು ಸಮಸ್ಯೆ. 1995ರಲ್ಲಿ ಸಂಶೋಧಕ ಇಲಾನ್ ಮೆಯರ್ ಇದಕ್ಕೆ ‘ಅಲ್ಪಸಂಖ್ಯಾತರ ಒತ್ತಡ’ ಎಂಬ ಚೌಕಟ್ಟನ್ನು ಒದಗಿಸಿದರು. ಅವಮಾನವಾದಾಗ ಮಾತ್ರವಲ್ಲ, ಆಗಬಹುದೆಂದು ಸದಾ ಕಾಯುತ್ತಿರುವುದರಿಂದಲೂ ಮನಸ್ಸು ಜರ್ಜರಿತವಾಗುತ್ತದೆ.

ಹೀಗೆ ಕಾಯುವುದು ಮನಸ್ಸು ಮಾತ್ರವಲ್ಲ, ದೇಹವೂ ಹೌದು. ಭುಜ ಬಿಗಿಯುತ್ತದೆ, ಉಸಿರು ಮೇಲೇ ನಿಲ್ಲುತ್ತದೆ. ಇದನ್ನು ಓದುವ ವಿದ್ಯೆ ಬೇರೆಯೇ ದಾರಿಯಲ್ಲಿ ಬೆಳೆದಿತ್ತು. ಬರ್ಲಿನ್‌ನ ಎಲ್ಸಾ ಗಿಂಡ್ಲರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಉಸಿರು ಮತ್ತು ಚಲನೆಯನ್ನು ಗಮನಿಸುವುದನ್ನು ಕಲಿಸಿದರು. ಅದುಮಿಟ್ಟ ಭಾವನೆ ಸ್ನಾಯುಗಳಲ್ಲಿ ಕವಚದಂತೆ ಗಟ್ಟಿಯಾಗುತ್ತದೆ ಎಂದವರು ವಿಲ್ಹೆಲ್ಮ್ ರೈಖ್. ವಿಪರ್ಯಾಸವೆಂದರೆ, ಸಲಿಂಗ ಪ್ರೀತಿ ಸಹಜ ಬೆಳವಣಿಗೆಯ ಲೋಪವೆಂದೇ ರೈಖ್ ಕೂಡ ತಿಳಿದಿದ್ದರು. ದೇಹದ ಭಾಷೆ ಬಲ್ಲವರಿಗೆಲ್ಲ ಮನುಷ್ಯನ ಘನತೆ ತಿಳಿದಿರುತ್ತದೆ ಎನ್ನುವಂತಿಲ್ಲ. 1997ರಲ್ಲಿ ಪೀಟರ್ ಲೆವಿನ್ ಅವರ ಗ್ರಂಥ ಪ್ರಕಟವಾದ ಮೇಲೆ ಆಘಾತಕ್ಕೆ ದೇಹದ ಮೂಲಕ ಚಿಕಿತ್ಸೆ ನೀಡುವ ವಿಧಾನ ಜನಪ್ರಿಯವಾಯಿತು. ಆ ಹೊಳೆಗೆ ದೃಢೀಕರಣದ ಹೊಳೆ ಕೂಡಿದ್ದು ಈಚೆಗೆ.

ಈ ಚಿಕಿತ್ಸೆಯಲ್ಲಿ ಆಡಂಬರವಿಲ್ಲ. ಪಾದ ನೆಲಕ್ಕೆ ತಗಲಿದ್ದನ್ನು ಗಮನಿಸುವುದು, ಬಿಗಿದ ಜಾಗವನ್ನು ಗುರುತಿಸುವುದು, ಉಸಿರನ್ನು ಬಲವಂತಪಡಿಸದೆ ಹಿಂಬಾಲಿಸುವುದು. ಒಪ್ಪಿಗೆಯಿಲ್ಲದೆ ಸ್ಪರ್ಶವಿಲ್ಲ. ಆತ ಅಥವಾ ಆಕೆ ಆರಿಸಿಕೊಂಡ ಹೆಸರಿನಿಂದಲೇ ಕರೆಯಬೇಕು. ಕೆಲವು ಲಿಂಗಪರಿವರ್ತಿತ ಯುವಜನರಿಗೆ ತಮ್ಮ ದೇಹದತ್ತ ಗಮನ ಹರಿಸುವುದೇ ಯಾತನೆ. ಅಂಥವರಿಗೆ ಕೋಣೆಯ ಸದ್ದು, ಗೋಡೆಯ ಬಣ್ಣದಂಥ ಹೊರಗಿನ ಸಂಗತಿಗಳಿಂದ ಆರಂಭಿಸಬೇಕಾಗುತ್ತದೆ.

ಇದು ಸಂಜೀವಿನಿಯಲ್ಲ. ದೇಹಮುಖಿ ಚಿಕಿತ್ಸೆಗಳ ಬಗೆಗಿನ ಸಂಶೋಧನೆ ಇನ್ನೂ ಸೀಮಿತ. ಮಾತು ಮತ್ತು ಆಲೋಚನೆಯನ್ನು ಆಧರಿಸಿದ ದೃಢೀಕರಿಸುವ ಚಿಕಿತ್ಸೆಗೆ ಹೆಚ್ಚಿನ ಆಧಾರವಿದೆ. 2015ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ 63 ಯುವಕರು ಪಾಲ್ಗೊಂಡಿದ್ದು, ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ, ಮದ್ಯಪಾನ ತಗ್ಗಿದ್ದು ಕಂಡುಬಂತು.

ಭಾರತವೂ ಈ ಇತಿಹಾಸದ ಹೊರಗಿಲ್ಲ. ಒಲವು ಬದಲಿಸುವ ಪ್ರಯೋಗಗಳ ವರದಿ 1980ರ ದಶಕದ ನಮ್ಮ ಮನೋವೈದ್ಯಕೀಯ ಪತ್ರಿಕೆಯಲ್ಲೂ ಪ್ರಕಟವಾಗಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರ ನವತೇಜ್ ಜೋಹರ್ ಭರತನಾಟ್ಯ ಕಲಾವಿದರು, ದೇಹವನ್ನೇ ಭಾಷೆಯಾಗಿಸಿಕೊಂಡವರು. 2021ರಲ್ಲಿ ಯುವತಿಯರಿಬ್ಬರ ಪ್ರಕರಣ ಮದ್ರಾಸ್ ಹೈಕೋರ್ಟ್‌ಗೆ ಬಂದಾಗ, ನ್ಯಾಯಮೂರ್ತಿ ಆನಂದ್ ವೆಂಕಟೇಶ್ ತಮ್ಮ ಅರಿವು ಸಾಲದೆಂದು ಒಪ್ಪಿ, ತಾವೇ ಮನಶ್ಶಾಸ್ತ್ರಜ್ಞರ ಬಳಿ ಕುಳಿತು ತಿಳಿದುಕೊಂಡರು. ಬಳಿಕ ಒಲವು ಬದಲಿಸುವ ‘ಚಿಕಿತ್ಸೆ’ಯನ್ನು ನಿಷೇಧಿಸಲು ಆದೇಶಿಸಿದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿಪರ ದುರ್ನಡತೆಯೆಂದು ಸಾರಿತು.

ಮಗ ಅಥವಾ ಮಗಳನ್ನು ‘ಸರಿಪಡಿಸಿ’ ಎಂದು ವೈದ್ಯರ ಬಾಗಿಲು ತಟ್ಟುವ ಹೆತ್ತವರು ಇಂದಿಗೂ ಇದ್ದಾರೆ. ಅಂದು ಮ್ಯಾಂಚೆಸ್ಟರ್‌ನ ವೈದ್ಯರೂ ಯುವಕನ ದೇಹವನ್ನು ಗಮನಿಸುತ್ತಲೇ ಇದ್ದರು. ಅದು ಬದಲಾಯಿತೇ ಎಂದು. ಇಂದಿನ ಚಿಕಿತ್ಸಕರು ಕೇಳುವುದು, ಅದು ಯಾವುದಕ್ಕೆ ಹೆದರಿದೆ ಎಂದು. ಈ ಪ್ರಶ್ನೆ ಬದಲಾಗಲು ಅರ್ಧ ಶತಮಾನ ಬೇಕಾಯಿತು.