ಬಳಸಿದ ಕಾರು ಕೊಳ್ಳುವ ಮುನ್ನ ಕ್ಲಚ್, ಗೇರ್ ಪರೀಕ್ಷಿಸಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗಗಳಲ್ಲಿ ಬಳಸಿದ ಕಾರನ್ನು ಅರಸುವ ಕುಟುಂಬಗಳು ಸಾಮಾನ್ಯವಾಗಿ ಮೊದಲು ಗಮನಿಸುವುದು ಬಣ್ಣ, ಟೈರು ಮತ್ತು ಓಡಿದ ಕಿಲೋಮೀಟರ್. ಆದರೆ ಎಂಜಿನ್‌ನ ಶಕ್ತಿಯನ್ನು ಚಕ್ರಗಳಿಗೆ ತಲುಪಿಸುವ ಕ್ಲಚ್, ಗೇರ್‌ಬಾಕ್ಸ್ ಹಾಗೂ ಡ್ರೈವ್ ಶಾಫ್ಟ್‌ಗಳ ಸ್ಥಿತಿಯನ್ನು ಮೀಟರ್ ತಿಳಿಸುವುದಿಲ್ಲ. ಮಾಗಡಿ ರಸ್ತೆ, ಕಾರ್ಡ್ ರಸ್ತೆ, ಮೈಸೂರು ರಸ್ತೆಗಳ ದಟ್ಟಣೆಯಲ್ಲಿ ಪದೇ ಪದೇ ನಿಂತು ಹೊರಡುವ ಕಾರಿನ ಕ್ಲಚ್, ಹೆದ್ದಾರಿಯಲ್ಲಿ ಅಷ್ಟೇ ದೂರ ಓಡಿದ ಕಾರಿನದಕ್ಕಿಂತ ಬೇಗ ಸವೆಯುತ್ತದೆ. ಆದ್ದರಿಂದ ‘ಕಡಿಮೆ ಓಡಿದ ಗಾಡಿ’ ಎಂಬ ಮಾತನ್ನಷ್ಟೇ ನಂಬುವಂತಿಲ್ಲ. ಕ್ಲಚ್ ಬದಲಿಸಲು ಗೇರ್‌ಬಾಕ್ಸನ್ನು ಕೆಳಗಿಳಿಸಬೇಕಾಗುವುದರಿಂದ ಬಿಡಿಭಾಗದ ಬೆಲೆಯೊಂದಿಗೆ ಕೂಲಿಯ ಹೊರೆಯೂ ಸೇರುತ್ತದೆ.

ನಿಂತಲ್ಲೇ ಪರೀಕ್ಷೆ

ಎಂಜಿನ್ ತಣ್ಣಗಿರುವಾಗಲೇ ಕಾರನ್ನು ನೋಡುವುದು ಒಳಿತು. ವಾಹನ ನಿಂತಿದ್ದ ಜಾಗದ ನೆಲದಲ್ಲಿ ಎಣ್ಣೆಯ ಕಲೆಗಳಿದ್ದರೆ ಗೇರ್ ಆಯಿಲ್ ಸೋರಿಕೆಯ ಸಾಧ್ಯತೆಯನ್ನು ಪರಿಶೀಲಿಸಬೇಕು. ಎಂಜಿನ್ ಚಾಲೂ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಪೆಡಲ್ ಒತ್ತಿದಾಗ ಶಬ್ದ ಬಂದರೆ ರಿಲೀಸ್ ಬೇರಿಂಗ್ ಸವೆದಿರಬಹುದು. ಪೆಡಲ್ ಬಿಟ್ಟಾಗ ಕೇಳಿಬಂದು, ಒತ್ತಿದಾಗ ನಿಲ್ಲುವ ಶಬ್ದವು ಗೇರ್‌ಬಾಕ್ಸ್‌ನ ಬೇರಿಂಗ್ ದೋಷವನ್ನು ಸೂಚಿಸುತ್ತದೆ.

ಓಡಿಸಿ ನೋಡುವಾಗ

ಪೆಡಲನ್ನು ಬಹುತೇಕ ಪೂರ್ತಿ ಬಿಟ್ಟ ನಂತರವಷ್ಟೇ ಕಾರು ಚಲಿಸತೊಡಗಿದರೆ ಕ್ಲಚ್ ಪ್ಲೇಟ್ ಸವೆದಿರುವ ಸಂಭವವುಂಟು. ಮೇಲ್ಸೇತುವೆಯ ಏರಿನಲ್ಲಿ ಮೂರನೇ ಅಥವಾ ನಾಲ್ಕನೇ ಗೇರ್‌ನಲ್ಲಿ ಆಕ್ಸಲರೇಟರ್ ಒತ್ತಿದಾಗ ಎಂಜಿನ್‌ನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸುಟ್ಟ ವಾಸನೆ ಇನ್ನೊಂದು ಲಕ್ಷಣ.

ಎರಡನೇ ಗೇರ್‌ಗೆ ಇಳಿಸುವಾಗ ಗರಗರ ಸದ್ದಾದರೆ ಸಿಂಕ್ರೊನೈಸರ್ ಸವೆತವನ್ನು ಶಂಕಿಸಬೇಕು. ಓಡುತ್ತಿರುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರುವ ಕಾರನ್ನು ಕೈಬಿಡುವುದೇ ಲೇಸು. ಎಎಂಟಿ ಕಾರುಗಳಲ್ಲಿ ಪೆಡಲ್ ಇಲ್ಲದಿದ್ದರೂ ಒಳಗೆ ಕ್ಲಚ್ ಇದ್ದೇ ಇರುತ್ತದೆ, ಅದೂ ಸವೆಯುತ್ತದೆ. ದಟ್ಟಣೆಯಲ್ಲಿ ಹೊರಡುವಾಗ ಅತಿಯಾಗಿ ನಡುಗಿದರೆ ಎಚ್ಚರ ಅಗತ್ಯ.

ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳೇ ವಾಹನವನ್ನು ಎಳೆಯುತ್ತವೆ. ಬಯಲು ಜಾಗದಲ್ಲಿ ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ನಿಧಾನವಾಗಿ ವೃತ್ತಾಕಾರದಲ್ಲಿ ಓಡಿಸಬೇಕು. ಮತ್ತೊಂದು ಬದಿಗೂ ಹಾಗೆಯೇ ಮಾಡಬೇಕು. ‘ಟಕ್ ಟಕ್’ ಎಂಬ ಸದ್ದು ಸಿವಿ ಜಾಯಿಂಟ್ ಸವೆದಿರುವುದರ ಗುರುತು. ಅದರ ರಬ್ಬರ್ ಬೂಟ್ ಹರಿದಿದ್ದರೆ ಚಕ್ರದ ಒಳಬದಿಯಲ್ಲಿ ಗ್ರೀಸ್ ಸಿಡಿದಿರುತ್ತದೆ. ಓಮ್ನಿಯಂಥ ಹಿಂಚಕ್ರ ಚಾಲನೆಯ ವಾಹನಗಳಲ್ಲಿ ಹೊರಡುವಾಗ ಅಡಿಯಿಂದ ‘ಠಣ್’ ಎಂಬ ಪೆಟ್ಟಿನ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್‌ಗಳನ್ನು ನೋಡಿಸಬೇಕು.

ಸಹಿಗೆ ಮುನ್ನ

ಮಾರುವವರ ಪರಿಚಯದವರಲ್ಲದ ಮೆಕ್ಯಾನಿಕ್‌ನಿಂದ ಕಾರನ್ನು ಎತ್ತರಿಸಿ ಪರೀಕ್ಷೆ ಮಾಡಿಸಿ, ದುರಸ್ತಿಯ ಅಂದಾಜನ್ನು ಬರೆಸಿಕೊಳ್ಳಬೇಕು. ಆ ಮೊತ್ತವನ್ನು ಬೆಲೆಯಿಂದ ಕಳೆಯುವ ಮಾತುಕತೆ ಮುಂಗಡ ಕೊಡುವ ಮೊದಲೇ ಮುಗಿಯಲಿ. ಪರೀಕ್ಷೆಗೆ ಒಪ್ಪದ ಮಾರಾಟಗಾರರಿಂದ ಕೊಳ್ಳದಿರುವುದು ಕ್ಷೇಮ.

ವ್ಯವಹಾರ ಕುದುರಿದರೆ ನಮೂನೆ 29 ಮತ್ತು 30ರ ಮೂಲಕ ಹೆಸರು ವರ್ಗಾವಣೆಯಾಗಬೇಕು. ಕೆಎ-02 ಸಂಖ್ಯೆಯ ವಾಹನಗಳು ರಾಜಾಜಿನಗರದ ಪಶ್ಚಿಮ ಆರ್‌ಟಿಒ, ಕೆಎ-41 ಸಂಖ್ಯೆಯವು ಜ್ಞಾನಭಾರತಿ ಆರ್‌ಟಿಒ ನೋಂದಣಿಯವು. ಸಾಲವಿದ್ದ ಕಾರಾದರೆ ಅದು ತೀರಿದ ಬಗ್ಗೆ ನಮೂನೆ 35 ಬೇಕು. ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕರ ಮೇಲೆಯೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ ವರ್ಗಾವಣೆ ವಿಳಂಬವಾಗದಂತೆ ನೋಡಿಕೊಳ್ಳುವುದು ಕೊಳ್ಳುವವರಿಗೂ ಮಾರುವವರಿಗೂ ಹಿತಕರ.