ಸನ್ನಿಸೈಡ್: ಒಂದು ಮನೆ ಉಳಿದ ಬಗೆ

ಮಡಿಕೇರಿ ಎಂದೊಡನೆ ಕೋಟೆ, ರಾಜಾಸೀಟು, ಗದ್ದುಗೆ ನೆನಪಾಗುತ್ತವೆ. ಅದೇ ಊರಿನ ‘ಸನ್ನಿಸೈಡ್’ ಎಂಬ ಮನೆಗೂ ದೊಡ್ಡ ಚರಿತ್ರೆಯಿದೆ. ಜನರಲ್ ಕೊಡಂದೇರ ಎಸ್. ತಿಮ್ಮಯ್ಯನವರು ಬಾಲ್ಯ ಕಳೆದ ಮನೆಯದು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. 1965ರಲ್ಲಿ, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗಲೇ ನಿಧನರಾದರು.

ಮುಂದೆ ಈ ಮನೆ ಬಹುಕಾಲ ಪ್ರಾದೇಶಿಕ ಸಾರಿಗೆ ಕಚೇರಿಯಾಗಿತ್ತು. ಮನೆಯ ಚರಿತ್ರೆ ಮರೆಗೆ ಸರಿದರೂ, ಬಳಕೆ ತಪ್ಪದ ಕಾರಣ ಗೋಡೆ, ಸೂರು ಉಳಿದವು. ಅದನ್ನು ಸ್ಮಾರಕವಾಗಿಸಬೇಕೆಂಬ ಜನರ ಒತ್ತಾಯ ಕೊನೆಗೂ ಫಲಿಸಿತು. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅಲ್ಲಿ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು.

ಎಲ್ಲ ಹಳೆಯ ಮನೆಗಳಿಗೂ ಈ ಭಾಗ್ಯವಿಲ್ಲ. ಕೊಡವರ ಐನ್‌ಮನೆ ಇಡೀ ಒಕ್ಕದ ಸ್ವತ್ತು. ಮಕ್ಕಳು ಪಟ್ಟಣ ಸೇರಿದ ಮೇಲೆ ಹುತ್ತರಿಯಂಥ ಹಬ್ಬಗಳಿಗಷ್ಟೇ ಬಾಗಿಲು ತೆರೆಯುವ ಐನ್‌ಮನೆಗಳಿವೆ. ನಮ್ಮ ಕೊಡಗಿನ ಮಳೆಗೆ ಒಂದು ಹೆಂಚು ಒಡೆದರೂ ಸಾಕು: ನೀರಿಳಿದು ತೊಲೆ ಕೊಳೆಯುತ್ತದೆ, ಮಣ್ಣಿನ ಗೋಡೆ ಕುಸಿಯುತ್ತದೆ. ಎಲ್ಲರಿಗೂ ಸೇರಿದ ಮನೆಯ ಮಾಡಿಗೆ ಏಣಿ ಹಾಕುವವರು ಯಾರು?

ಸರ್ಕಾರ ಎಲ್ಲ ಮನೆಗಳನ್ನೂ ವಸ್ತುಸಂಗ್ರಹಾಲಯ ಮಾಡಲಾರದು. ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸುವುದು, ವರ್ಷವಿಡೀ ಒಬ್ಬರಾದರೂ ದೀಪ ಹಚ್ಚಿ ಬಾಳುವುದು ಒಕ್ಕದವರ ಕೈಯಲ್ಲಿದೆ. ಶಾಲೆಯಿಂದಲೂ ಒಂದು ಕೆಲಸ ಆಗಬಹುದು. ಊರಿನ ಹಳೆಯ ಮನೆಗಳ ಅಳತೆ, ಚಿತ್ರ, ಹಿರಿಯರ ನೆನಪುಗಳನ್ನು ಮಕ್ಕಳು ದಾಖಲಿಸಲಿ. ಹಳೆಯ ವಿದ್ಯಾರ್ಥಿಗಳು ನೆರವಾಗಲಿ. ಆ ದಾಖಲೆ ನಮ್ಮ ಗ್ರಂಥಾಲಯದಲ್ಲಿರಲಿ. ಐವತ್ತರ ಸಂಭ್ರಮಕ್ಕೆ ಇದಕ್ಕಿಂತ ಒಳ್ಳೆಯ ಕಾಣಿಕೆ ಬೇಕೆ?