ನಾಗಿಯೋಸ್ ಪ್ಲಗಿನ್‌ಗಳು

ನಾಗಿಯೋಸ್ ಪ್ಲಗಿನ್‌ಗಳು ಎಂದರೆ ನಾಗಿಯೋಸ್ ಎಂಬ ಮುಕ್ತ ನಿಗಾ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಚಿಕ್ಕ ತಪಾಸಣಾ ಪ್ರೋಗ್ರಾಮ್‌ಗಳು. ಸರ್ವರ್‌ನ ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ, ಜಾಲತಾಣ ಉತ್ತರಿಸುತ್ತಿದೆಯೇ, ಡೇಟಾಬೇಸ್ ನಡೆಯುತ್ತಿದೆಯೇ ಎಂಬುದನ್ನು ನಾಗಿಯೋಸ್‌ನ ಮೂಲ ತಂತ್ರಾಂಶವು ತಾನಾಗಿ ಅರಿಯಲಾರದು. ಯಾವ ತಪಾಸಣೆಯನ್ನು ಯಾವಾಗ ನಡೆಸಬೇಕು, ಫಲಿತಾಂಶ ಕೆಟ್ಟದಾಗಿದ್ದರೆ ಯಾರಿಗೆ ಎಚ್ಚರಿಕೆ ಕಳುಹಿಸಬೇಕು ಎಂಬುದಷ್ಟೇ ಅದರ ಕೆಲಸ. ತಪಾಸಣೆಯನ್ನು ನಿಜವಾಗಿ ನಡೆಸುವುದು ಪ್ಲಗಿನ್. ಆದ್ದರಿಂದ ಪ್ಲಗಿನ್ಅನ್ನು ಎಲ್ಲಿಂದ ಪಡೆಯಲಾಗಿದೆ, ಅದನ್ನು ಯಾರು ನಿರ್ವಹಿಸುತ್ತಿದ್ದಾರೆ ಮತ್ತು ಅದು ಯಾವ ಅಧಿಕಾರದೊಂದಿಗೆ ಓಡುತ್ತದೆ ಎಂಬ ಸಂಗತಿಗಳು ಇಡೀ ನಿಗಾ ವ್ಯವಸ್ಥೆಯ ವಿಶ್ವಾಸಾರ್ಹತೆಯನ್ನು ನಿರ್ಧರಿಸುತ್ತವೆ.

ಹಿನ್ನೆಲೆ

ಅಮೆರಿಕದ ಈಥನ್ ಗಾಲ್‌ಸ್ಟಾಡ್ ಅವರು 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಈ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಹೆಸರಿನ ಮೇಲಿನ ಟ್ರೇಡ್‌ಮಾರ್ಕ್ ತಕರಾರಿನಿಂದಾಗಿ 2002ರಲ್ಲಿ ಅದಕ್ಕೆ ನಾಗಿಯೋಸ್ ಎಂಬ ಹೆಸರು ಬಂತು. ಮೂಲ ತಂತ್ರಾಂಶವು ಸಿ ಭಾಷೆಯಲ್ಲಿ ಬರೆಯಲ್ಪಟ್ಟಿದ್ದು, ಜಿಪಿಎಲ್ ಪರವಾನಗಿಯ 2ನೆಯ ಆವೃತ್ತಿಯಡಿ ದೊರೆಯುತ್ತದೆ.

ತಪಾಸಣೆಯ ಭಾಗವನ್ನು ಮೂಲ ತಂತ್ರಾಂಶದಿಂದ ಬೇರ್ಪಡಿಸಿ ಇಟ್ಟಿರುವುದು ನಾಗಿಯೋಸ್‌ನ ವಿನ್ಯಾಸದ ಮುಖ್ಯ ಲಕ್ಷಣ. ಇದರಿಂದ ಹೊಸ ಬಗೆಯ ಉಪಕರಣ ಅಥವಾ ಸೇವೆಯ ಮೇಲೆ ನಿಗಾ ಇಡಲು ಮೂಲ ತಂತ್ರಾಂಶವನ್ನು ತಿದ್ದುವ ಅಗತ್ಯ ಬೀಳುವುದಿಲ್ಲ. ಒಂದು ಪ್ಲಗಿನ್ ಬರೆದರೆ ಸಾಕು. ಪರ್ಲ್, ಪೈಥಾನ್, ಸಿ, ಶೆಲ್ ಸ್ಕ್ರಿಪ್ಟ್ ಹೀಗೆ ಯಾವ ಭಾಷೆಯಲ್ಲಾದರೂ ಪ್ಲಗಿನ್ ಬರೆಯಬಹುದು. ಈ ಸರಳತೆಯಿಂದಾಗಿ ಪ್ಲಗಿನ್‌ಗಳ ಸಂಖ್ಯೆ ಬೇಗನೆ ಬೆಳೆಯಿತು. 2009ರಲ್ಲಿ ನಾಗಿಯೋಸ್‌ನಿಂದ ಕವಲೊಡೆದ ಐಸಿಂಗಾ ತಂತ್ರಾಂಶವೂ ಇದೇ ಪ್ಲಗಿನ್ ಪದ್ಧತಿಯನ್ನು ಉಳಿಸಿಕೊಂಡಿದೆ.

ಕಾರ್ಯವಿಧಾನ

ಪ್ಲಗಿನ್ ಒಂದು ಸ್ವತಂತ್ರ ಕಡತ. ನಿಗಾ ತಂತ್ರಾಂಶವು ನಿಗದಿತ ಅವಧಿಗೊಮ್ಮೆ ಅದನ್ನು ಓಡಿಸುತ್ತದೆ. ಪ್ಲಗಿನ್ ತನ್ನ ಕೆಲಸ ಮುಗಿಸಿ, ಒಂದು ಸಾಲಿನ ವಿವರಣೆಯನ್ನು ಮುದ್ರಿಸಿ, ಒಂದು ನಿರ್ಗಮನ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಈ ಸಂಖ್ಯೆಗಳ ಅರ್ಥ ಹೀಗಿದೆ:

• 0 – ಎಲ್ಲವೂ ಸರಿಯಾಗಿದೆ
• 1 – ಎಚ್ಚರಿಕೆಯ ಸ್ಥಿತಿ
• 2 – ಗಂಭೀರ ಸ್ಥಿತಿ
• 3 – ಸ್ಥಿತಿ ತಿಳಿಯದು

ಉದಾಹರಣೆಗೆ, ಡಿಸ್ಕ್ ತಪಾಸಣೆಯ ಪ್ಲಗಿನ್‌ಗೆ 20% ಮತ್ತು 10% ಎಂಬ ಎರಡು ಮಿತಿಗಳನ್ನು ಕೊಟ್ಟರೆ, ಖಾಲಿ ಜಾಗ 20%ಕ್ಕಿಂತ ಕೆಳಗಿಳಿದಾಗ ಅದು 1ನ್ನೂ 10%ಕ್ಕಿಂತ ಕೆಳಗಿಳಿದಾಗ 2ನ್ನೂ ಹಿಂದಿರುಗಿಸುತ್ತದೆ. ವಿವರಣೆಯ ಸಾಲಿನಲ್ಲಿ ಒಂದು ಲಂಬ ಗೆರೆಯ ನಂತರ ಬರುವ ಅಂಕಿಗಳನ್ನು ಕಾರ್ಯಕ್ಷಮತೆಯ ದತ್ತಾಂಶ ಎನ್ನುತ್ತಾರೆ. ನಕ್ಷೆಗಳನ್ನು ಬಿಡಿಸುವ ತಂತ್ರಾಂಶಗಳು ಇವನ್ನು ಬಳಸಿಕೊಳ್ಳುತ್ತವೆ.

ಈ ಒಪ್ಪಂದಕ್ಕೆ ಒಂದು ಅಪಾಯದ ಮುಖವೂ ಇದೆ. ನಿಗಾ ತಂತ್ರಾಂಶವು ಪ್ಲಗಿನ್ ಹೇಳಿದ್ದನ್ನು ನಂಬುತ್ತದೆ. ದೋಷಯುಕ್ತ ಪ್ಲಗಿನ್ ಸದಾ 0ಯನ್ನೇ ಹಿಂದಿರುಗಿಸಿದರೆ, ಸರ್ವರ್ ಕುಸಿದಿದ್ದರೂ ಪರದೆಯ ಮೇಲೆ ಹಸಿರು ಬಣ್ಣವೇ ಕಾಣುತ್ತಿರುತ್ತದೆ, ಎಚ್ಚರಿಕೆಯೂ ಹೊರಡುವುದಿಲ್ಲ.

ಪಡೆಯುವ ಮೂಲಗಳು

ಲಿನಕ್ಸ್ ವಿತರಣೆಗಳ ರೆಪಾಸಿಟರಿ

ಸಾಮಾನ್ಯ ಬಳಕೆಗೆ ಸುಲಭವಾದ ಮಾರ್ಗವೆಂದರೆ ಬಳಸುತ್ತಿರುವ ಲಿನಕ್ಸ್ ವಿತರಣೆಯ ಸ್ವಂತ ರೆಪಾಸಿಟರಿ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಇವು ಮಾನಿಟರಿಂಗ್ ಪ್ಲಗಿನ್ಸ್ ಎಂಬ ಹೆಸರಿನಲ್ಲಿ ಮೂಲಭೂತ, ಪ್ರಮಾಣಿತ ಮುಂತಾದ ಕೆಲವು ಪ್ಯಾಕೇಜ್‌ಗಳಾಗಿ ದೊರೆಯುತ್ತವೆ. ರೆಡ್ ಹ್ಯಾಟ್ ಬಳಗದ ವಿತರಣೆಗಳಿಗೆ ಎಪೆಲ್ ಎಂಬ ಹೆಚ್ಚುವರಿ ರೆಪಾಸಿಟರಿಯಲ್ಲಿ ನಾಗಿಯೋಸ್ ಪ್ಲಗಿನ್ಸ್ ಹೆಸರಿನಲ್ಲೇ ಇವೆ. ಅಲ್ಲಿ ಬಹುತೇಕ ಪ್ರತಿ ಪ್ಲಗಿನ್‌ಗೂ ಒಂದೊಂದು ಪ್ಯಾಕೇಜ್ ಇದ್ದು, ಎಲ್ಲವನ್ನೂ ಒಮ್ಮೆಗೇ ತರುವ ಒಟ್ಟು ಪ್ಯಾಕೇಜ್ ಕೂಡ ಇದೆ.

ಈ ಪ್ಯಾಕೇಜ್‌ಗಳ ಸಾಚಾತನವನ್ನು ರೆಪಾಸಿಟರಿಯ ಡಿಜಿಟಲ್ ಸಹಿಯ ಮೂಲಕ ಪರಿಶೀಲಿಸಲಾಗುತ್ತದೆ. ಭದ್ರತಾ ತಿದ್ದುಪಡಿಗಳು ವ್ಯವಸ್ಥೆಯ ಸಾಮಾನ್ಯ ನವೀಕರಣದೊಂದಿಗೆ ಬರುತ್ತವೆ. ಆವೃತ್ತಿ ತುಸು ಹಳೆಯದಾಗಿರಬಹುದು ಎಂಬುದು ಈ ಮಾರ್ಗದ ಮಿತಿ.

ಮೂಲ ಕೋಡ್

ಹೊಸ ಆವೃತ್ತಿ ಬೇಕಾದವರು ಮೂಲ ಕೋಡ್ ತಂದು ತಾವೇ ಸಂಕಲಿಸಿಕೊಳ್ಳಬಹುದು. ಅಧಿಕೃತ ಕಟ್ಟಿನಲ್ಲಿ 50ಕ್ಕೂ ಹೆಚ್ಚು ಪ್ಲಗಿನ್‌ಗಳಿದ್ದು, ಅದು ಜಿಪಿಎಲ್ 3ನೆಯ ಆವೃತ್ತಿಯ ಪರವಾನಗಿ ಹೊಂದಿದೆ. ಸಂಕಲನದ ಸಮಯದಲ್ಲಿ ಯಂತ್ರದಲ್ಲಿ ಯಾವ ಲೈಬ್ರರಿಗಳಿವೆ ಎಂಬುದನ್ನು ನೋಡಿಕೊಂಡು ಅದಕ್ಕೆ ತಕ್ಕ ಪ್ಲಗಿನ್‌ಗಳು ಮಾತ್ರ ಸಿದ್ಧವಾಗುತ್ತವೆ. ಮೈಎಸ್‌ಕ್ಯೂಎಲ್ ಲೈಬ್ರರಿ ಇಲ್ಲದ ಯಂತ್ರದಲ್ಲಿ ಮೈಎಸ್‌ಕ್ಯೂಎಲ್ ತಪಾಸಣೆಯ ಪ್ಲಗಿನ್ ಹುಟ್ಟುವುದೇ ಇಲ್ಲ. ಓಪನ್‌ಎಸ್‌ಎಸ್‌ಎಲ್ ಇಲ್ಲದಿದ್ದರೆ ಜಾಲತಾಣ ತಪಾಸಣೆಯ ಪ್ಲಗಿನ್‌ಗೆ ಸುರಕ್ಷಿತ ಸಂಪರ್ಕದ ಬೆಂಬಲ ಇರುವುದಿಲ್ಲ. ಇಂತಹ ಕೊರತೆಯಿಂದ ಸಂಕಲನ ನಿಲ್ಲದೆ ಮುಂದುವರಿಯುವುದರಿಂದ, ಏನು ಬಿಟ್ಟುಹೋಗಿದೆ ಎಂಬುದು ಎಷ್ಟೋ ವೇಳೆ ಬಳಸುವಾಗಲೇ ತಿಳಿಯುತ್ತದೆ.

ವಿನಿಮಯ ತಾಣಗಳು

ಬಳಕೆದಾರರು ತಾವು ಬರೆದ ಪ್ಲಗಿನ್‌ಗಳನ್ನು ಹಂಚಿಕೊಳ್ಳಲು ನಾಗಿಯೋಸ್ ಎಕ್ಸ್‌ಚೇಂಜ್, ಐಸಿಂಗಾ ಎಕ್ಸ್‌ಚೇಂಜ್ ಮುಂತಾದ ತಾಣಗಳಿವೆ. ಗಿಟ್‌ಹಬ್‌ನಲ್ಲಿಯೂ ಅನೇಕ ಪ್ಲಗಿನ್‌ಗಳು ಸಿಗುತ್ತವೆ. ಅಧಿಕೃತ ಕಟ್ಟಿನಲ್ಲಿಲ್ಲದ ಯುಪಿಎಸ್, ಸ್ವಿಚ್, ಸಂಗ್ರಹ ಸಾಧನ, ವಾಣಿಜ್ಯ ಡೇಟಾಬೇಸ್‌ಗಳ ತಪಾಸಣೆಗೆ ಹೆಚ್ಚಾಗಿ ಇಲ್ಲಿಯೇ ಹುಡುಕಬೇಕಾಗುತ್ತದೆ.

ಇಲ್ಲಿನ ಗುಣಮಟ್ಟ ಏಕರೂಪವಾಗಿಲ್ಲ. ಒಂದೇ ಕೆಲಸಕ್ಕೆ ಹಲವು ಪ್ಲಗಿನ್‌ಗಳಿರಬಹುದು. ಅವುಗಳಲ್ಲಿ ಕೆಲವನ್ನು ಬರೆದವರು ವರ್ಷಗಳ ಹಿಂದೆಯೇ ಕೈಬಿಟ್ಟಿರಬಹುದು. ಪೈಥಾನ್ 2ರ ಅಧಿಕೃತ ಬೆಂಬಲ 2020ರ ಆರಂಭದಲ್ಲಿ ಕೊನೆಗೊಂಡಿತು; ಆ ಭಾಷೆಯಲ್ಲಿ ಬರೆದ ಹಳೆಯ ಪ್ಲಗಿನ್‌ಗಳು ತಿದ್ದುಪಡಿಯಿಲ್ಲದೆ ಹೊಸ ಸರ್ವರ್‌ಗಳಲ್ಲಿ ಓಡುವುದಿಲ್ಲ. ಆಯ್ಕೆ ಮಾಡುವಾಗ ಕೊನೆಯ ಬದಲಾವಣೆಯ ದಿನಾಂಕ, ಪರವಾನಗಿ, ಬೇಕಾಗುವ ಲೈಬ್ರರಿಗಳು ಮತ್ತು ಬಗೆಹರಿಯದೆ ಉಳಿದ ದೂರುಗಳನ್ನು ನೋಡುವುದು ವಾಡಿಕೆ.

2014ರ ವಿಭಜನೆ

ಅಧಿಕೃತ ಪ್ಲಗಿನ್ ಕಟ್ಟನ್ನು ಬಹುಕಾಲ ನಿರ್ವಹಿಸಿದ್ದು ಒಂದು ಸ್ವಯಂಸೇವಕ ತಂಡ. ಯೋಜನೆಯ ಡೊಮೇನ್ ಹೆಸರು ಮಾತ್ರ ನಾಗಿಯೋಸ್ ಎಂಟರ್‌ಪ್ರೈಸಸ್ ಸಂಸ್ಥೆಯ ಹಿಡಿತದಲ್ಲಿತ್ತು. 2014ರ ಜನವರಿಯಲ್ಲಿ ಸಂಸ್ಥೆಯು ಆ ಡೊಮೇನ್ಅನ್ನು ತನ್ನ ಸರ್ವರ್‌ಗಳತ್ತ ತಿರುಗಿಸಿ, ನಿರ್ವಹಣೆಯನ್ನು ಹೊಸ ತಂಡಕ್ಕೆ ವಹಿಸಿತು. ಹಳೆಯ ತಂಡವು ತನ್ನ ಯೋಜನೆಗೆ ಮಾನಿಟರಿಂಗ್ ಪ್ಲಗಿನ್ಸ್ ಎಂದು ಹೊಸ ಹೆಸರಿಟ್ಟು ಬೇರೆ ತಾಣದಲ್ಲಿ ಕೆಲಸ ಮುಂದುವರಿಸಿತು. ಡೆಬಿಯನ್‌ನ ಪ್ಯಾಕೇಜ್‌ಗಳು ಹಳೆಯ ತಂಡದ ಹೊಸ ಹೆಸರನ್ನು ಅನುಸರಿಸಿದವು.

ಇದರ ಪರಿಣಾಮವಾಗಿ ಇಂದು ಒಂದೇ ಬೇರಿನಿಂದ ಬಂದ ಎರಡು ಯೋಜನೆಗಳಿವೆ. ಎರಡೂ ಅನಂತರ ಪ್ರತ್ಯೇಕವಾಗಿ 2.0 ಎಂಬ ಆವೃತ್ತಿಯನ್ನು ಹೊರತಂದವು. ಆದ್ದರಿಂದ ಆವೃತ್ತಿಯ ಸಂಖ್ಯೆ ಒಂದೇ ಆಗಿದ್ದ ಮಾತ್ರಕ್ಕೆ ಕೋಡ್ ಒಂದೇ ಎಂದು ತಿಳಿಯುವಂತಿಲ್ಲ. ಪ್ಲಗಿನ್‌ನ ದೋಷವನ್ನು ವರದಿ ಮಾಡುವಾಗ ಅಥವಾ ಕೈಪಿಡಿಯನ್ನು ಓದುವಾಗ ತಮ್ಮಲ್ಲಿರುವುದು ಯಾವ ಯೋಜನೆಯ ಕಟ್ಟು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಪರಿಚಿತ ವಿಳಾಸದ ಹಿಂದಿರುವ ತಂಡ ಬದಲಾಗಬಹುದು ಎಂಬುದಕ್ಕೂ ಈ ಪ್ರಸಂಗ ನಿದರ್ಶನವಾಗಿದೆ.

ಅಳವಡಿಕೆ ಮತ್ತು ಪರೀಕ್ಷೆ

ವಿನಿಮಯ ತಾಣದಿಂದ ತಂದ ಪ್ಲಗಿನ್ಅನ್ನು ಸಾಮಾನ್ಯವಾಗಿ ಈ ಕ್ರಮದಲ್ಲಿ ಅಳವಡಿಸಲಾಗುತ್ತದೆ:

1. ಕಡತವನ್ನು ಇಳಿಸಿಕೊಂಡು, ಪ್ರಕಟಿತ ಚೆಕ್‌ಸಮ್ ಅಥವಾ ಸಹಿ ಇದ್ದರೆ ಅದರೊಂದಿಗೆ ಹೋಲಿಸುವುದು.
2. ಸ್ಕ್ರಿಪ್ಟ್ ಆಗಿದ್ದರೆ ತೆರೆದು ಓದಿ, ಅದು ಯಾವ ಆಜ್ಞೆಗಳನ್ನು ಓಡಿಸುತ್ತದೆ, ಯಾವ ವಿಳಾಸಗಳನ್ನು ಸಂಪರ್ಕಿಸುತ್ತದೆ ಎಂದು ನೋಡುವುದು.
3. ಪ್ಲಗಿನ್‌ಗಳ ಕೋಶದಲ್ಲಿಟ್ಟು, ಓಡಿಸುವ ಅನುಮತಿ ಕೊಡುವುದು. ಈ ಕೋಶದ ಜಾಗ ವಿತರಣೆಯಿಂದ ವಿತರಣೆಗೆ ಬೇರೆಯಾಗಿರುತ್ತದೆ.
4. ನಿಗಾ ತಂತ್ರಾಂಶದ ಬಳಕೆದಾರ ಖಾತೆಯಿಂದಲೇ ಅದನ್ನು ಕೈಯಾರೆ ಓಡಿಸಿ ನೋಡುವುದು.
5. ಸಂರಚನಾ ಕಡತದಲ್ಲಿ ಆಜ್ಞೆ ಮತ್ತು ಸೇವೆಯನ್ನು ನಮೂದಿಸಿ, ಸಂರಚನೆಯನ್ನು ಪರಿಶೀಲಿಸಿ, ತಂತ್ರಾಂಶವನ್ನು ಮರುಲೋಡ್ ಮಾಡುವುದು.

ನಾಲ್ಕನೆಯ ಹಂತದಲ್ಲಿ ಎಡವುವುದು ಹೆಚ್ಚು. ರೂಟ್ ಖಾತೆಯಿಂದ ಪರೀಕ್ಷಿಸಿದಾಗ ಸರಿಯಾಗಿ ಓಡಿದ ಪ್ಲಗಿನ್, ನಿಗಾ ತಂತ್ರಾಂಶದ ಸೀಮಿತ ಖಾತೆಯಿಂದ ಓಡದಿರಬಹುದು. ರೂಟ್ ಪರೀಕ್ಷೆಯ ವೇಳೆ ಹುಟ್ಟಿದ ತಾತ್ಕಾಲಿಕ ಕಡತಗಳು ರೂಟ್‌ನ ಒಡೆತನದಲ್ಲೇ ಉಳಿದು, ಆಮೇಲೆ ಸೀಮಿತ ಖಾತೆಗೆ ಅವನ್ನು ಬರೆಯಲು ಆಗದಿರುವುದೂ ಉಂಟು.

ನಿರ್ಗಮನ ಸಂಖ್ಯೆ 127 ಎಂದು ಬಂದರೆ ಕಡತ ಅಥವಾ ಅದನ್ನು ಓಡಿಸಬೇಕಾದ ಭಾಷೆಯ ಪ್ರೋಗ್ರಾಮ್ ಸಿಗಲಿಲ್ಲವೆಂದೂ, 126 ಎಂದು ಬಂದರೆ ಅದಕ್ಕೆ ಓಡಿಸುವ ಅನುಮತಿ ಇಲ್ಲವೆಂದೂ ಸಾಮಾನ್ಯ ಅರ್ಥ. ವಿಂಡೋಸ್‌ನಲ್ಲಿ ತಿದ್ದಿದ ಸ್ಕ್ರಿಪ್ಟ್‌ಗಳಲ್ಲಿ ಸಾಲಿನ ಕೊನೆಯ ಗುರುತು ಬೇರೆಯಾಗಿರುವುದರಿಂದಲೂ ಅವು ಲಿನಕ್ಸ್‌ನಲ್ಲಿ ಓಡದೆ ಹೋಗಬಹುದು. ಪ್ಲಗಿನ್ ಸರಿಯಾಗಿದೆಯೇ ಎಂಬುದನ್ನು ತಿಳಿಯಲು ಹಸಿರು ಫಲಿತಾಂಶ ಸಾಲದು. ಮಿತಿಯನ್ನು ಬೇಕೆಂದೇ ಬದಲಿಸಿ, ಅದು 1 ಮತ್ತು 2ನ್ನು ಹಿಂದಿರುಗಿಸುವುದನ್ನೂ ನೋಡಬೇಕು.

ಅಂತರಜಾಲ ಸಂಪರ್ಕವಿಲ್ಲದ ಪ್ರತ್ಯೇಕ ಜಾಲಗಳಲ್ಲಿ ಪ್ಲಗಿನ್‌ಗಳನ್ನು ಹೊರಗಿನ ಯಂತ್ರದಲ್ಲಿ ಇಳಿಸಿಕೊಂಡು, ಚೆಕ್‌ಸಮ್ ಪರಿಶೀಲಿಸಿ, ಸಂಸ್ಥೆಯ ಒಳಗಿನ ರೆಪಾಸಿಟರಿಗೆ ಸೇರಿಸಿ ಅಲ್ಲಿಂದ ಸರ್ವರ್‌ಗಳಿಗೆ ಹಂಚುವ ಪದ್ಧತಿಯಿದೆ. ಸ್ಕ್ರಿಪ್ಟ್ ಅವಲಂಬಿಸಿರುವ ಲೈಬ್ರರಿಗಳನ್ನೂ ಜೊತೆಯಲ್ಲೇ ಒಯ್ಯಬೇಕಾಗುತ್ತದೆ.

ಭದ್ರತೆ

ಪ್ಲಗಿನ್ ಒಂದು ಪೂರ್ಣ ಪ್ರೋಗ್ರಾಮ್ ಆದ್ದರಿಂದ, ಅದನ್ನು ಅಳವಡಿಸುವುದೆಂದರೆ ಬೇರೊಬ್ಬರು ಬರೆದ ಕೋಡ್‌ಗೆ ಸರ್ವರ್‌ನಲ್ಲಿ ಪದೇ ಪದೇ ಓಡುವ ಅವಕಾಶ ಕೊಟ್ಟಂತೆ. ನಿಗಾ ಸರ್ವರ್‌ಗೆ ಸಂಸ್ಥೆಯ ಬಹುತೇಕ ಯಂತ್ರಗಳೊಂದಿಗೆ ಸಂಪರ್ಕವಿರುತ್ತದೆ; ಡೇಟಾಬೇಸ್‌ಗಳ ಗುಪ್ತಪದಗಳೂ ಅದರ ಸಂರಚನೆಯಲ್ಲಿ ಇರಬಹುದು. ಆದುದರಿಂದ ಇಲ್ಲಿನ ಒಂದು ಕೆಟ್ಟ ಪ್ಲಗಿನ್‌ನ ಹಾನಿ ಆ ಒಂದು ಯಂತ್ರಕ್ಕೆ ಸೀಮಿತವಾಗುವುದಿಲ್ಲ.

ಕೆಲವು ತಪಾಸಣೆಗಳಿಗೆ ಹೆಚ್ಚಿನ ಅಧಿಕಾರ ಬೇಕಾಗುತ್ತದೆ. ಅಧಿಕೃತ ಕಟ್ಟಿನ ಐಸಿಎಂಪಿ ಮತ್ತು ಡಿಎಚ್‌ಸಿಪಿ ತಪಾಸಣೆಗಳು ಇದಕ್ಕೆ ಉದಾಹರಣೆ. ಉಳಿದ ಪ್ಲಗಿನ್‌ಗಳಿಗೆ ಅಂತಹ ಅಗತ್ಯ ಬಂದಾಗ ಇಡೀ ನಿಗಾ ತಂತ್ರಾಂಶವನ್ನು ರೂಟ್ ಆಗಿ ಓಡಿಸುವ ಬದಲು, ಸುಡೋ ಮೂಲಕ ಆ ಒಂದು ಆಜ್ಞೆಗೆ ಮಾತ್ರ ಅನುಮತಿ ಕೊಡಲಾಗುತ್ತದೆ.

ದೂರದ ಯಂತ್ರಗಳಲ್ಲಿ ಪ್ಲಗಿನ್ ಓಡಿಸಲು ಬಳಸುವ ಎನ್‌ಆರ್‌ಪಿಇ ಎಂಬ ಸೇವೆಯು ಸಾಮಾನ್ಯವಾಗಿ ಟಿಸಿಪಿ 5666ನೆಯ ಪೋರ್ಟ್‌ನಲ್ಲಿ ಕೆಲಸ ಮಾಡುತ್ತದೆ. ನಿಗಾ ಸರ್ವರ್‌ನಿಂದ ಆಜ್ಞೆಯ ವಾದಾಂಶಗಳನ್ನು ಸ್ವೀಕರಿಸುವ ಸೌಲಭ್ಯ ಅದರಲ್ಲಿ ಮೊದಲಿಗೆ ಮುಚ್ಚಿರುತ್ತದೆ. ಅದನ್ನು ತೆರೆಯುವ ಸಂರಚನಾ ಆಯ್ಕೆಗೆ ‘ಎನ್‌ಆರ್‌ಪಿಇಯನ್ನು ದೂರಬೇಡಿ’ ಎಂಬರ್ಥದ ಹೆಸರನ್ನೇ ಇಡಲಾಗಿದೆ: ತೆರೆದ ಮೇಲೆ ಆಗುವ ತೊಂದರೆಗೆ ತೆರೆದವರೇ ಹೊಣೆ ಎಂಬುದು ಅದರ ಇಂಗಿತ.

ಇತರ ನಿಗಾ ತಂತ್ರಾಂಶಗಳಲ್ಲಿ

ಮ್ಯೂನಿಕ್‌ನ ಮಥಿಯಾಸ್ ಕೆಟ್ನರ್ ಅವರು 2008ರಲ್ಲಿ ನಾಗಿಯೋಸ್‌ನ ವಿಸ್ತರಣೆಯಾಗಿ ಆರಂಭಿಸಿದ ಚೆಕ್‌ಎಂಕೆ ಈಗ ಸ್ವತಂತ್ರ ತಂತ್ರಾಂಶ. ಇದರ ವಿಸ್ತರಣೆಗಳು ಎಂಕೆಪಿ ಎಂಬ ಪ್ಯಾಕೇಜ್ ರೂಪದಲ್ಲಿ ಚೆಕ್‌ಎಂಕೆ ಎಕ್ಸ್‌ಚೇಂಜ್ ತಾಣದಲ್ಲಿ ಸಿಗುತ್ತವೆ. ಒಂದು ಎಂಕೆಪಿಯೊಳಗೆ ತಪಾಸಣೆಯ ಕೋಡ್, ಏಜೆಂಟ್‌ನ ಭಾಗ ಮತ್ತು ಪ್ಯಾಕೇಜ್‌ನ ವಿವರಗಳು ಒಟ್ಟಿಗೇ ಇರುತ್ತವೆ. ತಂತ್ರಾಂಶದ ಕನಿಷ್ಠ ಯಾವ ಆವೃತ್ತಿ ಬೇಕು ಎಂಬುದನ್ನೂ ಅದರಲ್ಲಿ ನಮೂದಿಸಲಾಗುತ್ತದೆ. 2021ರಲ್ಲಿ ಬಂದ 2.0 ಆವೃತ್ತಿಯು ತಪಾಸಣೆ ಬರೆಯುವ ವಿಧಾನವನ್ನು ಬದಲಿಸಿ ಪೈಥಾನ್ 3ಕ್ಕೆ ಸಾಗಿದ್ದರಿಂದ, ಅದಕ್ಕೂ ಹಿಂದಿನ ಅನೇಕ ಪ್ಯಾಕೇಜ್‌ಗಳನ್ನು ತಿದ್ದಬೇಕಾಯಿತು.

ಜಾಬಿಕ್ಸ್‌ನಲ್ಲಿ ವಿಸ್ತರಣೆಯ ಮುಖ್ಯ ರೂಪ ಟೆಂಪ್ಲೇಟ್. ಯಾವ ಮೌಲ್ಯವನ್ನು ಸಂಗ್ರಹಿಸಬೇಕು, ಯಾವಾಗ ಎಚ್ಚರಿಸಬೇಕು ಎಂಬುದನ್ನು ಬರೆದಿಟ್ಟ ಈ ಕಡತವನ್ನು ಆಮದು ಮಾಡಿಕೊಂಡು ಯಂತ್ರಗಳಿಗೆ ಜೋಡಿಸಲಾಗುತ್ತದೆ. ಪ್ರೊಮೀಥಿಯಸ್‌ನಲ್ಲಿ ಎಕ್ಸ್‌ಪೋರ್ಟರ್ ಎಂಬ ಪ್ರತ್ಯೇಕ ಪ್ರೋಗ್ರಾಮ್‌ಗಳು ಅಂಕಿಗಳನ್ನು ಸಿದ್ಧವಾಗಿಟ್ಟಿರುತ್ತವೆ. ಮುಖ್ಯ ಸರ್ವರ್ ಅವನ್ನು ನಿಯತವಾಗಿ ಬಂದು ಓದಿಕೊಳ್ಳುತ್ತದೆ. ರೂಪಗಳು ಬೇರೆಯಾದರೂ, ವಿಸ್ತರಣೆಯ ಮೂಲ, ಆವೃತ್ತಿಯ ಹೊಂದಾಣಿಕೆ ಮತ್ತು ಅದಕ್ಕೆ ಕೊಡುವ ಅಧಿಕಾರ ಎಂಬ ಮೂರು ಅಂಶಗಳ ಪರಿಶೀಲನೆ ಇವೆಲ್ಲಕ್ಕೂ ಅನ್ವಯಿಸುತ್ತದೆ.